870ರಲ್ಲಿ 339

ಅಮೆರಿಕದ ಟೆಕ್ಸಾಸ್ ರಾಜ್ಯದ ದಕ್ಷಿಣ ತುದಿಯಲ್ಲಿ, ಮೆಕ್ಸಿಕೊ ಗಡಿಗೆ ಹೊಂದಿಕೊಂಡು ಹಿಡಾಲ್ಗೊ ಕೌಂಟಿ ಇದೆ. 1970ರ ಜನಗಣತಿಯಂತೆ ಅಲ್ಲಿನ ಜನರಲ್ಲಿ ಶೇ 79.1ರಷ್ಟು ಮಂದಿ ಮೆಕ್ಸಿಕನ್ ಮೂಲದವರು. ಗಂಭೀರ ಅಪರಾಧದ ಮೊಕದ್ದಮೆ ಹೂಡಲು ತಕ್ಕ ಆಧಾರವಿದೆಯೇ ಎಂದು ನೋಡುವ 12 ನಾಗರಿಕರ ಮಂಡಳಿಗೆ ಅಲ್ಲಿ ಗ್ರ್ಯಾಂಡ್ ಜ್ಯೂರಿ ಎನ್ನುತ್ತಾರೆ. 11 ವರ್ಷಗಳಲ್ಲಿ ಈ ಕೆಲಸಕ್ಕೆ ಕರೆ ಹೋದದ್ದು 870 ಮಂದಿಗೆ. ಅವರಲ್ಲಿ ಮೆಕ್ಸಿಕನ್ ಮೂಲದವರು 339, ಅಂದರೆ ಶೇ 39. ಶಿಕ್ಷೆಗೊಳಗಾದವನೊಬ್ಬ ಈ ಅಂಕಿಗಳನ್ನೇ ಹಿಡಿದು ನ್ಯಾಯಾಲಯದ ಮೆಟ್ಟಿಲೇರಿದ. ‘ಕ್ಯಾಸ್ಟನೇಡಾ ವಿರುದ್ಧ ಪಾರ್ಟಿಡಾ’ ಎಂಬ ಆ ಮೊಕದ್ದಮೆಯನ್ನು 1977ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಮಾನಿಸಿತು.

ಅಂಕಿ ನೋಡಿದೊಡನೆ ಅನ್ಯಾಯ ಎನಿಸುತ್ತದೆ. ಆದರೆ ಎನಿಸಿದ್ದನ್ನು ಪರೀಕ್ಷೆಗೆ ಒಡ್ಡಬೇಕಲ್ಲ? ಅದಕ್ಕೆ ಸಂಖ್ಯಾಶಾಸ್ತ್ರ ಎದುರು ಪಕ್ಷದ ಮಾತನ್ನೇ ಮೊದಲು ಒಪ್ಪಿಕೊಂಡು ಹೊರಡುತ್ತದೆ: ಯಾವ ಭೇದಭಾವವೂ ನಡೆದಿಲ್ಲ, ಎಲ್ಲ ಆಕಸ್ಮಿಕ ಎಂದಿಟ್ಟುಕೊಳ್ಳೋಣ. ಇದಕ್ಕೆ ಶೂನ್ಯ ಊಹೆ ಎಂದು ಹೆಸರು. ಹಾಗಿದ್ದರೆ 870ರಲ್ಲಿ ಶೇ 79.1, ಅಂದರೆ ಸುಮಾರು 688 ಮಂದಿ ಮೆಕ್ಸಿಕನ್ ಮೂಲದವರಿರಬೇಕಿತ್ತು. ಕರಾರುವಾಕ್ಕಾಗಿ ಅಷ್ಟೇ ಇರಬೇಕೆಂದೇನಿಲ್ಲ. ಚೀಟಿ ಎತ್ತಿ ಆರಿಸಿದರೂ ಕೆಲವರು ಹೆಚ್ಚು ಕಡಿಮೆ ಆಗುತ್ತಾರೆ. ಎಷ್ಟರ ಮಟ್ಟಿಗೆ ಏರುಪೇರಾದರೆ ಸಹಜ ಎಂಬುದೇ ಇಡೀ ವಿಷಯದ ತಿರುಳು.

ಅದನ್ನು ಅಳೆಯುವ ಕೋಲು ಮಾನಕ ವಿಚಲನೆ. ಲೆಕ್ಕ ಕಷ್ಟದ್ದಲ್ಲ: 870ನ್ನು 0.791ರಿಂದ, ಬಂದದ್ದನ್ನು 0.209ರಿಂದ ಗುಣಿಸಿ ವರ್ಗಮೂಲ ತೆಗೆದರೆ ಸುಮಾರು 12. ಆಯ್ಕೆ ಆಕಸ್ಮಿಕವಾಗಿದ್ದರೆ ಸಂಖ್ಯೆ 688ರಿಂದ ಎರಡು ವಿಚಲನೆಗಳ ಒಳಗೆ, ಅಂದರೆ 664ರಿಂದ 712ರ ನಡುವೆ ಬೀಳುವ ಸಾಧ್ಯತೆ ಸುಮಾರು ಶೇ 95. ನಿಜವಾಗಿ ಸಿಕ್ಕಿದ್ದು 339. ಕೊರತೆ 349; ಅದನ್ನು 12ರಿಂದ ಭಾಗಿಸಿದರೆ 29. ಎರಡೋ ಮೂರೋ ವಿಚಲನೆ ದಾಟಿದರೆ ಸಾಕು, ಆಕಸ್ಮಿಕ ಎಂಬ ಮಾತನ್ನು ಅನುಮಾನಿಸಬಹುದು ಎಂದು ನ್ಯಾಯಮೂರ್ತಿ ಬ್ಲ್ಯಾಕ್‌ಮನ್ ತೀರ್ಪಿನ ಅಡಿಟಿಪ್ಪಣಿಯಲ್ಲಿ ವಿವರಿಸಿದರು. ನ್ಯಾಯಾಲಯವೊಂದು ಕುಳಿತು ಇಷ್ಟು ಬಿಡಿಸಿ ಲೆಕ್ಕ ಹಾಕಿದ್ದು ನನಗಂತೂ ಬಹು ದೊಡ್ಡ ಸಂಗತಿ.

ಮಾದರಿಯ ಗಾತ್ರವನ್ನು ಮರೆಯುವಂತಿಲ್ಲ. 12 ಮಂದಿಯ ಒಂದೇ ಜ್ಯೂರಿಯಲ್ಲಿ 8 ಜನ ಮೆಕ್ಸಿಕನ್ ಮೂಲದವರಿದ್ದರೆ, ನಿರೀಕ್ಷೆಗಿಂತ ಒಂದೂವರೆಯಷ್ಟು ಕಡಿಮೆ. ವಿಚಲನೆಯೂ ಸುಮಾರು ಅಷ್ಟೇ. ದೂರುವುದಕ್ಕೆ ಏನೂ ಇಲ್ಲ. ಅದೇ ಮೂರರಲ್ಲಿ ಎರಡು ಪಾಲು 870 ಮಂದಿಯಲ್ಲಿ ಕಂಡುಬಂದರೆ 580 ಆಗುತ್ತದೆ, ಕೊರತೆ ಒಂಬತ್ತು ವಿಚಲನೆಗೆ ಮುಟ್ಟುತ್ತದೆ.

ಇನ್ನೊಂದು ಪ್ರಶ್ನೆ ಇದಕ್ಕಿಂತ ಗಹನ. ಶೇ 79.1 ಎಂಬುದು ಯಾರ ಪ್ರಮಾಣ? ಆ ಎಣಿಕೆಯಲ್ಲಿ ಮಕ್ಕಳಿದ್ದಾರೆ, ಅಕ್ಷರ ಬಾರದವರಿದ್ದಾರೆ, ಪೌರತ್ವ ಇಲ್ಲದವರಿದ್ದಾರೆ. ಜ್ಯೂರಿಗೆ ಅರ್ಹರನ್ನಷ್ಟೇ ಎಣಿಸಬೇಕು ಎಂದು ಭಿನ್ನಮತದ ಮುಖ್ಯ ನ್ಯಾಯಮೂರ್ತಿ ಬರ್ಗರ್ ವಾದಿಸಿದರು. ಆಕ್ಷೇಪ ನ್ಯಾಯವಾದದ್ದೇ. ತಪ್ಪು ಜನಸಮೂಹದ ಪ್ರಮಾಣ ಇಟ್ಟುಕೊಂಡು ಹೊರಟರೆ ಮುಂದಿನ ಗಣಿತ ಎಷ್ಟೇ ಸರಿಯಿದ್ದರೂ ವ್ಯರ್ಥ. ಹಾಗಾಗಿ ಶಾಲೆಯ ಮೆಟ್ಟಿಲೇ ಹತ್ತದ ವಯಸ್ಕರನ್ನು ಬಿಟ್ಟು ಬಹುಮತದ ತೀರ್ಪು ಮತ್ತೆ ಲೆಕ್ಕ ಹಾಕಿತು. ಪ್ರಮಾಣ ಶೇ 65ಕ್ಕೆ ಇಳಿಯಿತು. ಆಗಲೂ ನಿರೀಕ್ಷೆ ಸುಮಾರು 565, ವಿಚಲನೆ 14; ಕೊರತೆ 16 ವಿಚಲನೆಗಳಷ್ಟು.

ಇಷ್ಟಾದರೂ ಈ ಪರೀಕ್ಷೆ ಯಾರ ಮನಸ್ಸನ್ನೂ ಓದುವುದಿಲ್ಲ. ಆಕಸ್ಮಿಕ ಎಂಬ ವಿವರಣೆಯನ್ನು ಅದು ತಳ್ಳಿಹಾಕುತ್ತದೆ. ಕಾರಣವನ್ನು ಬೇರೆ ಕಡೆ ಹುಡುಕಬೇಕು. ಹೆಸರುಗಳನ್ನು ಆರಿಸುತ್ತಿದ್ದವರು ನ್ಯಾಯಾಧೀಶರು ನೇಮಿಸಿದ ಜ್ಯೂರಿ ಕಮಿಷನರುಗಳು, ಅದೂ ತಮ್ಮ ವಿವೇಚನೆಯ ಮೇಲೆ. ಈ ಮೊಕದ್ದಮೆಯ ಐವರು ಕಮಿಷನರುಗಳಲ್ಲಿ ಮೂವರು ಮೆಕ್ಸಿಕನ್ ಮೂಲದವರೇ ಆಗಿದ್ದರು. ಹಾಗಿದ್ದ ಮಾತ್ರಕ್ಕೆ ತಮ್ಮವರ ವಿರುದ್ಧ ಭೇದ ಮಾಡಲಾರರು ಎಂದು ಮೊದಲೇ ನಂಬುವಂತಿಲ್ಲ, ಸಮಜಾಯಿಷಿ ಕೊಡುವ ಹೊಣೆ ಈಗ ಸರ್ಕಾರದ್ದು ಎಂದಿತು ನ್ಯಾಯಾಲಯ. ಆಯ್ಕೆ ಹೇಗೆ ನಡೆಯಿತೆಂದು ಹೇಳಬಲ್ಲ ಕಮಿಷನರುಗಳ ಸಾಕ್ಷ್ಯವನ್ನು ಸರ್ಕಾರ ಒದಗಿಸಿರಲಿಲ್ಲ. ನಾಲ್ವರ ವಿರುದ್ಧ ಐವರ ಬಹುಮತದಲ್ಲಿ ತೀರ್ಪು ಅದರ ವಿರುದ್ಧ ಬಂತು.