ತಾರೀಖಿನ ನಿರೀಕ್ಷೆಯಲ್ಲಿ

‘ಗೆದ್ದವನು ಸೋತ, ಸೋತವನು ಸತ್ತ’ ಎಂಬ ಗಾದೆಯನ್ನು ಕಟ್ಟಿದವರು ನ್ಯಾಯಸ್ಥಾನದ ಮೆಟ್ಟಿಲನ್ನು ಸವೆಸಿದವರೇ ಇರಬೇಕು. ಮನೆಯ ಪಾಲಿಗಾಗಿ ದಾವೆ ಹೂಡಿ ಗೆದ್ದ ವೃದ್ಧ ವಿಧವೆಯೊಬ್ಬಳನ್ನು ಕಲ್ಪಿಸಿಕೊಳ್ಳಿ. ಡಿಕ್ರಿ ಕೈಗೆ ಬಂದಿತು. ಬೆನ್ನಲ್ಲೇ ಮೈದುನ ಹೈಕೋರ್ಟಿಗೆ ಅಪೀಲು ಹೋಗಿ ತಡೆಯಾಜ್ಞೆ ತಂದ. ಅಂದಿನಿಂದ ಆಕೆಯ ಬಾಳೆಲ್ಲ ಒಂದು ತಾರೀಖಿನ ನಿರೀಕ್ಷೆಯಲ್ಲಿಯೇ ಕಳೆಯುತ್ತಿದೆ.

ಅಪೀಲು ಹೂಡಿದ ಮಾತ್ರಕ್ಕೆ ಕೆಳಗಿನ ನ್ಯಾಯಾಲಯದ ಡಿಕ್ರಿ ನಿಂತುಹೋಗುವುದಿಲ್ಲ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 41ನೆಯ ಆದೇಶ ಇದನ್ನು ಸ್ಪಷ್ಟವಾಗಿಯೇ ಹೇಳಿದೆ. ತಡೆಯಾಜ್ಞೆಯನ್ನು ಬೇರೆಯಾಗಿ ಬೇಡಿ ಪಡೆಯಬೇಕು. ಆದರೆ ಒಮ್ಮೆ ಅದು ದೊರೆತ ಮೇಲೆ, ಪಡೆದವನಿಗೆ ಅವಸರವೇನು? ವಿಳಂಬವೇ ಅವನ ಪಾಲಿನ ಲಾಭ.

ಹಾಗೆಂದು ಕೈಕಟ್ಟಿ ಕೂಡಬೇಕಾಗಿಲ್ಲ. ಸಂಹಿತೆಯ 151ನೆಯ ಕಲಮು ನ್ಯಾಯಾಲಯದ ಅಂತರ್ಗತ ಅಧಿಕಾರವನ್ನು ಎತ್ತಿಹಿಡಿಯುತ್ತದೆ. ಅದರ ಆಧಾರದ ಮೇಲೆ ಶೀಘ್ರ ವಿಚಾರಣೆಯನ್ನು ಕೋರಿ ಅರ್ಜಿ ಸಲ್ಲಿಸುವುದು ರೂಢಿ. ಅಪೀಲುದಾರನಂತೆ ಎದುರುಕಕ್ಷಿಯೂ ಇದನ್ನು ಸಲ್ಲಿಸಬಹುದು. ತಡೆಯಾಜ್ಞೆಯ ತೆರವನ್ನೂ ಬೇಡಬಹುದು. ಅರ್ಜಿಯೊಡನೆ ಪ್ರಮಾಣಪತ್ರವಿರಬೇಕು. ಅದರಲ್ಲಿ ‘ಬಹಳ ದಿನವಾಯಿತು’ ಎಂದಷ್ಟೇ ಬರೆದರೆ ಫಲವಿಲ್ಲ. ಸಾಲಿನಲ್ಲಿ ನಿಂತವರೆಲ್ಲರ ಮಾತೂ ಅದೇ. ಇಳಿವಯಸ್ಸು, ಕಾಯಿಲೆ, ಬೇರೆ ಆದಾಯವಿಲ್ಲದಿರುವುದು, ಕುಸಿಯುತ್ತಿರುವ ಗೋಡೆ—ಇಂಥ ಕಾರಣವನ್ನು ಹೇಳಿ, ವೈದ್ಯರ ಪತ್ರವನ್ನೋ ಭಾವಚಿತ್ರವನ್ನೋ ಜೊತೆಗಿಡಬೇಕು. ನೋಟೀಸು ಎಲ್ಲರಿಗೂ ಜಾರಿಯಾಗಿದೆಯೇ, ಕೆಳಗಿನ ನ್ಯಾಯಾಲಯದ ದಾಖಲೆಗಳು ಬಂದಿವೆಯೇ ಎಂಬುದನ್ನು ವಕೀಲರ ಮೂಲಕ ಮೊದಲೇ ತಿಳಿಯುವುದು ಜಾಣತನ. ಸಿದ್ಧವಾಗದ ಅಪೀಲಿಗೆ ತಾರೀಖು ಸಿಕ್ಕಿದರೂ ಅದು ಮತ್ತೊಂದು ವಾಯಿದೆಯಲ್ಲಿ ಮುಗಿಯುವುದು.

ಕಾಲ ಇನ್ನೊಂದು ಬಗೆಯಲ್ಲಿಯೂ ಕಾಡುತ್ತದೆ. ಅಪೀಲುದಾರ ತೀರಿಕೊಂಡರೆ ವಾರಸುದಾರರನ್ನು ಸೇರಿಸಲು 90 ದಿನಗಳೊಳಗೆ ಅರ್ಜಿ ಹಾಕಬೇಕು. ತಪ್ಪಿದರೆ ಅಪೀಲು ಬಿದ್ದುಹೋಗುವುದು. ಅದನ್ನು ಮತ್ತೆ ಎತ್ತಿ ನಿಲ್ಲಿಸಲು ಬೇರೊಂದು ಹೋರಾಟ.

ಸೆರೆಯಲ್ಲಿರುವವನ ಪಾಲಿಗಂತೂ ವಿಳಂಬವೇ ಶಿಕ್ಷೆ. ಅಪೀಲನ್ನು ಯುಕ್ತ ಕಾಲದಲ್ಲಿ ಕೇಳಲಾಗದಿದ್ದರೆ, ಬಲವಾದ ಕಾರಣವಿಲ್ಲದ ಹೊರತು ಜಾಮೀನು ಕೊಡಬೇಕೆಂದು ಕಾಶ್ಮೀರಾ ಸಿಂಗ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1977ರಲ್ಲಿ ಹೇಳಿತು. ವರ್ಷಗಟ್ಟಲೆ ಕೂಡಿಹಾಕಿ, ಕೊನೆಗೆ ನಿರಪರಾಧಿಯೆಂದು ಬಿಟ್ಟರೆ ಕಳೆದ ಕಾಲವನ್ನು ಮರಳಿ ಕೊಡುವವರು ಯಾರು? ಶೀಘ್ರ ವಿಚಾರಣೆ ಸಂವಿಧಾನದ 21ನೆಯ ಅನುಚ್ಛೇದದೊಳಗಿನ ಹಕ್ಕೆಂದು 1979ರ ಹುಸೇನಾರಾ ಖಾತೂನ್ ತೀರ್ಪು ಸಾರಿತು. ವಕೀಲರನ್ನಿಡಲು ಹಣವಿಲ್ಲದವರಿಗೂ ದಾರಿಯುಂಟು: 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಡಿ, ಸ್ತ್ರೀಯರೂ ಸೆರೆವಾಸಿಗಳೂ ಆದಾಯವೆಷ್ಟೇ ಇರಲಿ, ಉಚಿತ ನೆರವಿಗೆ ಅರ್ಹರು.

ಅರ್ಜಿ ಹಾಕಿದೊಡನೆ ತಾರೀಖು ಸಿಕ್ಕೀತೆಂಬ ಭರವಸೆಯಿಲ್ಲ. ಅದು ನ್ಯಾಯಮೂರ್ತಿಗಳ ವಿವೇಚನೆಗೆ ಬಿಟ್ಟದ್ದು. ಆದರೆ ಆ ವಿಧವೆಯ ಕಷ್ಟ ಕಡತದ ಹೊರಗೇ ಉಳಿದರೆ ನ್ಯಾಯಪೀಠಕ್ಕೆ ಅದು ತಿಳಿಯುವುದೆಂತು? ಟ್ರಂಕಿನ ತಳದಲ್ಲಿ ಹಳದಿಯಾಗುತ್ತಿರುವ ಡಿಕ್ರಿಗೆ ಆಕೆ ಬದುಕಿರುವಾಗಲೇ ಬೆಲೆ ಬರಬೇಕಾದರೆ, ಮೊದಲು ಬಾಯಿಬಿಟ್ಟು ಕೇಳಬೇಕು.