ಸಂಚಾರಿ ಮನೆಯ ಕೊಳಚೆ ಕೊಳವೆ

ಪ್ರವಾಸವನ್ನು ಮುಗಿಸಿ ಮರಳಿದವನ ಮನಸ್ಸಿನಲ್ಲಿ ತಾನು ಕಂಡ ಗಿರಿ, ಸರೋವರ, ಕಾನನಗಳ ನೆನಪು ತುಂಬಿರುತ್ತದೆ. ಗಾಡಿಯ ಹಿಂಬದಿಯಲ್ಲಿ ಒಂದು ಹೊಲಸು ಕೊಳವೆ ಮುದುಡಿ ಬಿದ್ದಿದೆಯೆಂಬುದು ಅವನಿಗೆ ನೆನಪಾಗುವುದು ಅಪರೂಪ. ಆದರೆ ಮುಂದಿನ ಪ್ರವಾಸದಲ್ಲಿ ಕುಟುಂಬದವರ ಆರೋಗ್ಯವು ಅನೇಕ ವೇಳೆ ಈ ಕೊಳವೆಯನ್ನು ಅವಲಂಬಿಸಿರುತ್ತದೆ.

ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಲಕ್ಷಾಂತರ ಕುಟುಂಬಗಳು ರಜೆಯ ದಿನಗಳನ್ನು ‘ಕ್ಯಾಂಪರ್’ ಎಂಬ ಸಂಚಾರಿ ಮನೆಯಲ್ಲಿ ಕಳೆಯುತ್ತವೆ. ಇಂಥ ವಾಹನಗಳ ಪೂರ್ವಜನೆಂದು ಹೇಳಲಾಗುವ ಪಿಯರ್ಸ್-ಆರೋ ಮೋಟಾರು 1910ರಲ್ಲಿ ನ್ಯೂಯಾರ್ಕಿನ ಪ್ರದರ್ಶನವೊಂದರಲ್ಲಿ ಕಾಣಿಸಿಕೊಂಡಿತು. ಅದರಲ್ಲಿ ಹಾಸಿಗೆಯಾಗಿ ಮಡಚಿಕೊಳ್ಳುವ ಆಸನವೂ ಮುಖ ತೊಳೆಯುವ ಬೋಗುಣಿಯೂ ಇದ್ದುವು. ಶೌಚಕ್ಕೆ ಒಂದು ಪಾತ್ರೆಯೇ ಗತಿ. ಇಂದಿನ ಕ್ಯಾಂಪರಿನಲ್ಲಿ ಅಡಿಗೆಮನೆ, ಸ್ನಾನಗೃಹ, ಶೌಚಗೃಹಗಳೆಲ್ಲ ಉಂಟು. ಮನೆಯೇ ಚಲಿಸುವುದಾದ ಮೇಲೆ ಅದರ ಚರಂಡಿಯೂ ಜೊತೆಯಲ್ಲೇ ಚಲಿಸಬೇಕಷ್ಟೆ!

ಎರಡು ತೊಟ್ಟಿ, ಒಂದು ಕೊಳವೆ

ಕ್ಯಾಂಪರಿನ ತಳದಲ್ಲಿ ಸಾಮಾನ್ಯವಾಗಿ ಎರಡು ಮಲಿನಜಲದ ತೊಟ್ಟಿಗಳಿರುತ್ತವೆ. ಶೌಚಗೃಹದ ಮಲಮೂತ್ರಗಳು ಸೇರುವ ನೀರಿಗೆ ‘ಕಪ್ಪುನೀರು’ ಎಂದೂ, ಸ್ನಾನದ ಮತ್ತು ಪಾತ್ರೆ ತೊಳೆದ ನೀರಿಗೆ ‘ಬೂದುನೀರು’ ಎಂದೂ ಹೆಸರು. ತೊಟ್ಟಿಗಳು ತುಂಬಿದಾಗ ಯಾತ್ರಿಕರು ‘ಡಂಪ್ ಸ್ಟೇಷನ್’ ಎಂಬ ವಿಸರ್ಜನಾ ಕಟ್ಟೆಗೆ ಹೋಗಿ, ಕೊಳವೆಯೊಂದರ ಮೂಲಕ ಅವನ್ನು ನೆಲದ ಚರಂಡಿಗೆ ಬರಿದುಮಾಡುತ್ತಾರೆ.

ಈ ಕೊಳವೆಯ ವ್ಯಾಸ ಸುಮಾರು 3 ಅಂಗುಲ, ಎಂದರೆ ಏಳೂವರೆ ಸೆಂಟಿಮೀಟರ್. ಸುರುಳಿಯಾಗಿ ಸುತ್ತಿದ ಉಕ್ಕಿನ ತಂತಿಯ ಮೇಲೆ ತೆಳುವಾದ ಪ್ಲಾಸ್ಟಿಕ್ ಹೊದಿಕೆ. ಹಾರ್ಮೋನಿಯಮ್ಮಿನ ತಿದಿಯಂತೆ ಅದನ್ನು ಹಿಗ್ಗಿಸಬಹುದು, ಕುಗ್ಗಿಸಬಹುದು. ಇದರಿಂದ ಸ್ಥಳ ಉಳಿಯುವುದು ನಿಜ. ಆದರೆ ಒಂದೊಂದು ಮಡಿಕೆಯೂ ಕೊಳೆ ನಿಲ್ಲಲು ಒಂದೊಂದು ಪುಟ್ಟ ಗುಂಡಿಯಾಗುತ್ತದೆ.

ಕಣ್ಣಿಗೆ ಕಾಣದ ಶೇಷ

ಕೊಳವೆಯಲ್ಲಿ ಮಲಿನಜಲವು ಹರಿಯುವುದು ಕೆಲವೇ ನಿಮಿಷ. ಅದು ಮೂಲೆಯಲ್ಲಿ ಸುಮ್ಮನೆ ಬಿದ್ದಿರುವುದು ವಾರಗಟ್ಟಲೆ, ತಿಂಗಳುಗಟ್ಟಲೆ. ಅಪಾಯದ ಬೀಜ ಮೊಳೆಯುವುದು ಈ ವಿಶ್ರಾಂತಿಯ ಕಾಲದಲ್ಲಿಯೇ.

ಒಂದು ಸಣ್ಣ ಲೆಕ್ಕವನ್ನು ಮಾಡಿ ನೋಡೋಣ. ಕೊಳವೆಯ ಉದ್ದ 3 ಮೀಟರ್ ಎಂದಿಟ್ಟುಕೊಂಡರೆ, ಮಡಿಕೆಗಳನ್ನು ಗಣಿಸದೆಯೂ ಅದರ ಒಳಮೈಯ ವಿಸ್ತೀರ್ಣ ಸುಮಾರು 0.7 ಚದರ ಮೀಟರ್ ಆಗುತ್ತದೆ. ಆ ಮೈಗೆ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ದಪ್ಪದ ಪದರ ಅಂಟಿಕೊಂಡಿದ್ದರೂ ಸುಮಾರು 70 ಮಿಲಿಲೀಟರ್, ಎಂದರೆ ಒಂದು ಸಣ್ಣ ಲೋಟ ಕಾಫಿಯಷ್ಟು ಕೊಳಚೆ ಒಳಗೆ ಉಳಿಯಿತೆಂದಾಯಿತು. ಈ ತೇವದಲ್ಲಿ ಸೂಕ್ಷ್ಮಜೀವಿಗಳು ಲೋಳೆಯ ಪದರವನ್ನು ಹೆಣೆದುಕೊಂಡು ನೆಲಸುತ್ತವೆ. ಮುಚ್ಚಿದ ಕೊಳವೆಯಲ್ಲಿ ಆಮ್ಲಜನಕ ಮುಗಿದ ಮೇಲೆ ಕೆಲವು ಬ್ಯಾಕ್ಟೀರಿಯಗಳು ಹೈಡ್ರೋಜನ್ ಸಲ್ಫೈಡ್ ಅನಿಲವನ್ನು ಹೊರಸೂಸುತ್ತವೆ. ಹಲವು ದಿನಗಳ ಬಳಿಕ ಮುಚ್ಚಳ ತೆರೆದವನ ಮೂಗಿಗೆ ಬಡಿಯುವ ಕೊಳೆತ ಮೊಟ್ಟೆಯ ವಾಸನೆ ಇದೇ.

ವಾಸನೆಗಿಂತ ಭಯಂಕರವಾದುದು ವಾಸನೆಯಿಲ್ಲದ ರೋಗಾಣು. ವಾಂತಿಭೇದಿಯನ್ನುಂಟುಮಾಡುವ ನೋರೋವೈರಸ್ಸಿನ ನೂರಕ್ಕೂ ಕಡಿಮೆ ಕಣಗಳು ಒಬ್ಬನನ್ನು ಹಾಸಿಗೆ ಹಿಡಿಸಲು ಸಾಕು. ಆಲ್ಕೊಹಾಲಿನಿಂದ ಮಾಡಿದ ಕೈಶುದ್ಧಿ ದ್ರವಕ್ಕೆ ಅದು ಸುಲಭವಾಗಿ ಬಗ್ಗುವುದಿಲ್ಲ. ಆದ್ದರಿಂದ ಕೊಳವೆಯನ್ನು ಮುಟ್ಟುವಾಗ ರಬ್ಬರ್ ಕೈಗವಸು, ಕೆಲಸ ಮುಗಿದ ಮೇಲೆ ಸಾಬೂನು ಮತ್ತು ನೀರು — ಇವೆರಡೂ ಅವಶ್ಯ.

ತೊಳೆಯುವ ಕ್ರಮ

ಮೊದಲು ಕಪ್ಪುನೀರಿನ ಕವಾಟವನ್ನೂ, ಅದು ಬರಿದಾದ ಮೇಲೆ ಬೂದುನೀರಿನ ಕವಾಟವನ್ನೂ ತೆರೆಯಬೇಕು. ಹೀಗೆ ಮಾಡಿದರೆ ಸಾಬೂನಿನಿಂದ ಕೂಡಿದ ಬೂದುನೀರೇ ಕೊಳವೆಯ ಒರಟು ಕೊಳೆಯನ್ನು ಕೊಚ್ಚಿಕೊಂಡು ಹೋಗುತ್ತದೆ. ಅನಂತರ ಕವಾಟಗಳನ್ನು ಮುಚ್ಚಿ, ವಾಹನದ ಕಡೆಯ ತುದಿಯನ್ನು ಬಿಡಿಸಿ ಮೇಲೆತ್ತಿ, ನೀರೆಲ್ಲ ಚರಂಡಿಯ ಕಡೆಗೆ ಇಳಿಯುವಂತೆ ಕೈಯಿಂದ ಕೈಗೆ ಸಾಗಿಸಬೇಕು. ಬಳಿಕ ಕಟ್ಟೆಯಲ್ಲಿರುವ ತೊಳೆಯುವ ನಲ್ಲಿಯ ನೀರನ್ನು ಆ ತುದಿಯಿಂದ ಬಿಟ್ಟು, ಹೊರಬರುವ ನೀರು ತಿಳಿಯಾಗುವವರೆಗೆ ತೊಳೆಯಬೇಕು. ಚರಂಡಿಯೊಳಗಿದ್ದ ತುದಿಯನ್ನು ಕೊನೆಯಲ್ಲಿ ಹೊರತೆಗೆದು, ಅದರ ಹೊರಮೈಯನ್ನೂ ತೊಳೆಯಬೇಕು.

ಚಲುವೆ ದ್ರಾವಣದ ರಸಾಯನ

ತಿಳಿಯಾದ ನೀರು ಶುದ್ಧವಾದ ನೀರಲ್ಲ. ರೋಗಾಣುಗಳ ನಾಶಕ್ಕೆ ಬ್ಲೀಚ್ ಎಂದು ಕರೆಯುವ ಚಲುವೆ ದ್ರಾವಣ ಉಪಯುಕ್ತ. ಇದರಲ್ಲಿರುವ ಸೋಡಿಯಂ ಹೈಪೋಕ್ಲೋರೈಟ್ ನೀರಿನಲ್ಲಿ ಹೈಪೋಕ್ಲೋರಸ್ ಆಮ್ಲವನ್ನು ಕೊಡುತ್ತದೆ. ಈ ಆಮ್ಲವು ಸೂಕ್ಷ್ಮಜೀವಿಯ ಕವಚವನ್ನು ಹೊಕ್ಕು, ಅದರ ಪ್ರೋಟೀನುಗಳನ್ನು ಉತ್ಕರ್ಷಿಸಿ ಕೆಡಿಸುತ್ತದೆ. ನಮ್ಮ ಹಳ್ಳಿಗಳ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುವುದರ ಮರ್ಮವೂ ಇದೇ.

ಆದರೆ ಈ ಆಮ್ಲಕ್ಕೆ ರೋಗಾಣುವೆಂಬ ವಿವೇಚನೆಯಿಲ್ಲ. ಎದುರಾದ ಸಾವಯವ ವಸ್ತುವೆಲ್ಲದರ ಮೇಲೂ ಅದು ವ್ಯಯವಾಗುತ್ತದೆ. ಕೊಳೆ ಉಳಿದಿದ್ದರೆ ದ್ರಾವಣವು ಕೊಳೆಯೊಡನೆಯೇ ಹೋರಾಡಿ ಸೋಲುತ್ತದೆ. ಮೊದಲು ತೊಳೆಯಬೇಕೆಂಬುದಕ್ಕೆ ಇದೊಂದು ಕಾರಣ.

ಇನ್ನೊಂದು ಕಾರಣ ಪ್ರಾಣಕ್ಕೆ ಸಂಬಂಧಿಸಿದುದು. ಮೂತ್ರದಲ್ಲಿರುವ ಯೂರಿಯಾ ಬ್ಯಾಕ್ಟೀರಿಯಗಳ ಕ್ರಿಯೆಯಿಂದ ಅಮೋನಿಯಾ ಆಗಿ ಮಾರ್ಪಡುತ್ತದೆ. ಅಮೋನಿಯಾದೊಡನೆ ಚಲುವೆ ದ್ರಾವಣ ಬೆರೆತರೆ ಶ್ವಾಸಕೋಶಗಳನ್ನು ಸುಡುವ ಕ್ಲೋರಮೀನ್ ಅನಿಲಗಳು ಹುಟ್ಟುತ್ತವೆ. ಆಮ್ಲಯುಕ್ತ ಶೌಚಶುದ್ಧಿ ದ್ರವದೊಡನೆ ಬೆರೆತರೆ ಕ್ಲೋರಿನ್ನೇ ಹೊರಬರುತ್ತದೆ. ಆದ್ದರಿಂದ ಕೊಳೆ ತುಂಬಿದ ತೊಟ್ಟಿಗಾಗಲಿ ತೊಳೆಯದ ಕೊಳವೆಗಾಗಲಿ ಇದನ್ನು ಎಂದಿಗೂ ಸುರಿಯಬಾರದು.

ಶೇಕಡ 5ರಿಂದ 8ರಷ್ಟು ಪ್ರಬಲವಾದ ದ್ರಾವಣವನ್ನು ಲೀಟರ್ ನೀರಿಗೆ 20 ಮಿಲಿಲೀಟರ್‌ನಂತೆ, ಬಯಲು ಗಾಳಿಯಲ್ಲಿ ನಿಂತು ಬೆರೆಸಬೇಕು. ತೊಳೆದ ಕೊಳವೆಗೆ ಅದನ್ನು ಹೊಯ್ದು, ಎರಡೂ ತುದಿಗಳನ್ನು ಎತ್ತಿ ಹಿಡಿದು, ಒಳಮೈಯೆಲ್ಲ ನೆನೆಯುವಂತೆ ಕೆಲವು ನಿಮಿಷ ಅತ್ತಿತ್ತ ಆಡಿಸಿ, ಚರಂಡಿಗೆ ಬಿಡಬೇಕು. ದ್ರಾವಣವು ಕೊಳವೆಯಲ್ಲಿಯೇ ನಿಂತರೆ ಪ್ಲಾಸ್ಟಿಕ್ಕಿಗೂ ತಂತಿಗೂ ಹಾನಿ; ಕೊನೆಗೊಮ್ಮೆ ಬರಿಯ ನೀರಿನಿಂದ ತೊಳೆಯುವುದು ಲೇಸು.

ಒಣಗಿಸಿ ಇಡುವುದು

ದಾರಿಯಲ್ಲಿರುವಾಗ ತುದಿಗಳಿಗೆ ಮುಚ್ಚಳ ಹಾಕುವುದು ಸರಿ, ಸೋರಿಕೆ ತಪ್ಪುತ್ತದೆ. ಆದರೆ ಮನೆ ಸೇರಿದ ಮೇಲೂ ಹಾಗೆಯೇ ಬಿಟ್ಟರೆ ಒಳಗಿನ ತೇವಕ್ಕೆ ಹೊರಬೀಳುವ ದಾರಿಯೇ ಇಲ್ಲ. ಮುಚ್ಚಳಗಳನ್ನು ತೆಗೆದು, ಕೊಳವೆಯನ್ನು ಪೂರ್ತಿ ಹಿಗ್ಗಿಸಿ, ಇಳಿಜಾರಾಗಿ ತೂಗುಹಾಕಿ, ಗಾಳಿಯಾಡುವ ನೆರಳಿನಲ್ಲಿ ಒಣಗಿಸಬೇಕು. ಬಿಸಿಲಿನಲ್ಲಿ ಬೇಗ ಒಣಗುವುದು ನಿಜವಾದರೂ ಸೂರ್ಯನ ಅತಿನೇರಿಳೆ ಕಿರಣಗಳು ಪ್ಲಾಸ್ಟಿಕ್ಕಿನ ದೀರ್ಘ ಅಣುಸರಪಣಿಗಳನ್ನು ಕಡಿಯುತ್ತವೆ. ಅನೇಕ ದಿನ ಬಿಸಿಲುಂಡ ಕೊಳವೆ ಪೆಡಸಾಗಿ, ಮಡಿಕೆಗಳಲ್ಲಿ ಸೂಜಿಮೊನೆಯಂಥ ರಂಧ್ರಗಳು ಬೀಳುತ್ತವೆ. ಚಳಿನಾಡುಗಳಲ್ಲಿ ಇನ್ನೊಂದು ಭಯ: ನೀರು ಮಂಜುಗಡ್ಡೆಯಾಗುವಾಗ ಅದರ ಗಾತ್ರ ಶೇಕಡ 9ರಷ್ಟು ಹಿಗ್ಗುವುದರಿಂದ, ಒಳಗೆ ನಿಂತ ನೀರು ಕೊಳವೆಯನ್ನೇ ಬಿರಿಯಬಲ್ಲದು.

ಒಣಗಿದ ಕೊಳವೆಯನ್ನು ಬೆಳಕಿಗೆ ಹಿಡಿದು, ರಂಧ್ರಗಳಿಲ್ಲವೆಂದು ಪರೀಕ್ಷಿಸಿ, ಮುಚ್ಚಳ ಹಾಕಿ, ಅದಕ್ಕೆಂದೇ ಮೀಸಲಾದ ಪೆಟ್ಟಿಗೆಯಲ್ಲಿಡಬೇಕು. ಅನೇಕರು ವಾಹನದ ಹಿಂಬದಿಯ ಟೊಳ್ಳು ಬಂಪರಿನಲ್ಲಿ ಇಡುವುದುಂಟು.

ಕುಡಿಯುವ ನೀರು ಬೇರೆ, ಕೊಳಚೆ ಬೇರೆ

ಕ್ಯಾಂಪರಿನಲ್ಲಿ ಕುಡಿಯುವ ನೀರು ತುಂಬಲು ಇನ್ನೊಂದು ಕೊಳವೆ ಇರುತ್ತದೆ. ಇವೆರಡೂ ಒಂದೇ ಪೆಟ್ಟಿಗೆಯಲ್ಲಿ ಕೂಡಿರಬಾರದು. ಕಟ್ಟೆಯ ತೊಳೆಯುವ ನಲ್ಲಿಗೆ ಕುಡಿಯುವ ನೀರಿನ ಕೊಳವೆ ತಗಲಬಾರದು. ಕೊಳಚೆ ಮುಟ್ಟಿದ ಕೈಗವಸು ಕುಡಿಯುವ ನೀರಿನ ನಲ್ಲಿಯನ್ನು ಮುಟ್ಟಬಾರದು. 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟ್ ಸುತ್ತಮುತ್ತ ಕಾಲರಾ ಹಬ್ಬಿದಾಗ, ರೋಗವು ಅಲ್ಲಿನ ಪಂಪಿನ ನೀರಿನಿಂದ ಬಂದುದೆಂದು ವೈದ್ಯ ಜಾನ್ ಸ್ನೋ ತೋರಿಸಿಕೊಟ್ಟನು. ಆ ಬಾವಿಯ ಪಕ್ಕದಲ್ಲೇ ಮನೆಯೊಂದರ ಮಲಗುಂಡಿ ಸೋರುತ್ತಿದ್ದುದು ಮುಂದೆ ಬೆಳಕಿಗೆ ಬಂತು. ಬಾವಿಗೂ ಗುಂಡಿಗೂ ನಡುವೆ ಇದ್ದುದು ಕೆಲವೇ ಅಡಿಗಳ ಅಂತರ. ಸಂಚಾರಿ ಮನೆಯಲ್ಲಾದರೋ ಆ ಅಂತರ ಇನ್ನೂ ಕಿರಿದು. ಅಲ್ಲಿ ಬಾವಿಯನ್ನೂ ಗುಂಡಿಯನ್ನೂ ಬೇರೆಯಾಗಿಡುವುದು ಮನುಷ್ಯನ ಎಚ್ಚರವೊಂದೇ.