ವಿಮಾನಯಾನದ ಮೇಲೆ ಬಾಹ್ಯಾಕಾಶ ಹವಾಮಾನದ ಪರಿಣಾಮ

ಸೂರ್ಯನಿಂದ ಹೊಮ್ಮುವ ವಿಕಿರಣ ಹಾಗೂ ವಿದ್ಯುದಾವೇಶವುಳ್ಳ ಕಣಗಳಿಂದ ಭೂಮಿಯ ಸುತ್ತಲಿನ ಬಾಹ್ಯಾಕಾಶದಲ್ಲಿ ಉಂಟಾಗುವ ಏರುಪೇರುಗಳನ್ನು ಬಾಹ್ಯಾಕಾಶ ಹವಾಮಾನ ಎಂದು ಕರೆಯುತ್ತಾರೆ. ವಿಮಾನಗಳ ರೇಡಿಯೊ ಸಂಪರ್ಕ, ಉಪಗ್ರಹಾಧಾರಿತ ಪಥದರ್ಶನ ಮತ್ತು ಎಲೆಕ್ಟ್ರಾನಿಕ್ ಉಪಕರಣಗಳ ಮೇಲೆ ಇದು ಪರಿಣಾಮ ಬೀರುತ್ತದೆ. ಧ್ರುವಪ್ರದೇಶದ ಹಾರಾಟಗಳಲ್ಲಿ ವಿಕಿರಣವು ಮುಖ್ಯ ಸಮಸ್ಯೆಯಾದರೆ, ಕರ್ನಾಟಕದಂತಹ ಉಷ್ಣವಲಯದಲ್ಲಿ ಅಯಾನುಗೋಳದ ಅಸ್ಥಿರತೆಯೇ ಮುಖ್ಯವಾದುದು.

ಬಾಗಲಕೋಟೆ ಪ್ರದೇಶದ ಮೇಲಿನ ಅಯಾನುಗೋಳ

ಬಾಗಲಕೋಟೆ, ಬಾದಾಮಿ, ಹುನಗುಂದ ಮತ್ತು ಇಳಕಲ್ ಸುಮಾರು 16° ಉತ್ತರ ಅಕ್ಷಾಂಶದಲ್ಲಿವೆ. ಇಲ್ಲಿನ ಪ್ರಯಾಣಿಕರು ವಿಮಾನಕ್ಕಾಗಿ ಹುಬ್ಬಳ್ಳಿ ಅಥವಾ ಬೆಳಗಾವಿಗೆ ಹೋಗಬೇಕು; ಆದರೂ ಈ ಊರುಗಳ ಮೇಲಿನ ಆಕಾಶಕ್ಕೆ ವೈಜ್ಞಾನಿಕ ಮಹತ್ವವಿದೆ. ಭೂಕಾಂತೀಯ ಸಮಭಾಜಕವು ಭಾರತದ ದಕ್ಷಿಣ ತುದಿಯ ಸಮೀಪ ಹಾದುಹೋಗುತ್ತದೆ (ಕೇರಳದ ತುಂಬಾದಲ್ಲಿ 1963ರಲ್ಲಿ ರಾಕೆಟ್ ಉಡಾವಣೆ ಆರಂಭವಾದುದಕ್ಕೂ ಇದೇ ಕಾರಣ). ಹಗಲಿನಲ್ಲಿ ಅಲ್ಲಿ ಮೇಲೇರುವ ಎಲೆಕ್ಟ್ರಾನುಗಳು ಕಾಂತರೇಖೆಗಳನ್ನು ಅನುಸರಿಸಿ ಇಳಿದು, ಗುಜರಾತ್ ಮತ್ತು ಮಧ್ಯಪ್ರದೇಶದ ಆಕಾಶದಲ್ಲಿ ದಟ್ಟಗೊಳ್ಳುತ್ತವೆ. ಬಾಗಲಕೋಟೆ ಜಿಲ್ಲೆಯು ಇವೆರಡರ ನಡುವೆ ಇರುವುದರಿಂದ ಇಲ್ಲಿ ಎಲೆಕ್ಟ್ರಾನ್ ಸಾಂದ್ರತೆಯು ದಕ್ಷಿಣದಿಂದ ಉತ್ತರಕ್ಕೆ ಬೇಗನೆ ಬದಲಾಗುತ್ತದೆ.

ಸುಮಾರು 20,200 ಕಿ.ಮೀ. ಎತ್ತರದಿಂದ ಬರುವ ಜಿಪಿಎಸ್ ಸಂಕೇತವು ಈ ಪದರವನ್ನು ದಾಟುವಾಗ ತಡವಾಗುತ್ತದೆ. ಈ ವಿಳಂಬವನ್ನು ಸರಿಪಡಿಸದಿದ್ದರೆ ಸ್ಥಾನ ಹಾಗೂ ಎತ್ತರದ ಲೆಕ್ಕದಲ್ಲಿ ಹಲವು ಮೀಟರುಗಳ ದೋಷ ಉಂಟಾಗುತ್ತದೆ. ಸೂರ್ಯಾಸ್ತದ ನಂತರ, ವಿಶೇಷವಾಗಿ ಸೌರಚಟುವಟಿಕೆ ಹೆಚ್ಚಿರುವ ವರ್ಷಗಳ ವಿಷುವತ್ ಮಾಸಗಳಲ್ಲಿ, ಎಲೆಕ್ಟ್ರಾನುಗಳು ವಿರಳವಾಗಿರುವ 'ಗುಳ್ಳೆ'ಗಳು ಮೇಲೇರಿ ಸಂಕೇತವನ್ನು ಮಿಣುಕಿಸುತ್ತವೆ. ಆಗ ಗ್ರಾಹಕವು ಉಪಗ್ರಹದ ಸಂಪರ್ಕವನ್ನೇ ಕಳೆದುಕೊಳ್ಳಬಹುದು. ಇದಕ್ಕೆ ಸೌರ ಬಿರುಗಾಳಿ ಬೇಕಾಗಿಲ್ಲ ಎಂಬುದು ಗಮನಾರ್ಹ.

ಗಗನ್ ವ್ಯವಸ್ಥೆ

ಈ ದೋಷವನ್ನು ಸರಿಪಡಿಸಲು ಇಸ್ರೋ ಮತ್ತು ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರಗಳು ಜಂಟಿಯಾಗಿ 'ಗಗನ್' ವ್ಯವಸ್ಥೆಯನ್ನು ರೂಪಿಸಿವೆ. ದೇಶದ ವಿವಿಧೆಡೆಯ 15 ಕೇಂದ್ರಗಳು ಪಡೆದ ಸಂಕೇತಗಳಿಂದ ಬೆಂಗಳೂರಿನ ಕುಂದಲಹಳ್ಳಿಯಲ್ಲಿ ತಿದ್ದುಪಡಿಗಳನ್ನು ಲೆಕ್ಕಹಾಕಿ, ಜಿಸ್ಯಾಟ್-8 ಮತ್ತು ಜಿಸ್ಯಾಟ್-10 ಉಪಗ್ರಹಗಳ ಮೂಲಕ ವಿಮಾನಗಳಿಗೆ ಪ್ರಸಾರ ಮಾಡಲಾಗುತ್ತದೆ. ಇಳಿಯುವಾಗ ಎತ್ತರದ ಮಾರ್ಗದರ್ಶನ ನೀಡಲು ಇದಕ್ಕೆ 2015ರ ಏಪ್ರಿಲ್ 21ರಂದು ಮಾನ್ಯತೆ ದೊರೆಯಿತು. ಅಯಾನುಗೋಳವು ತೀವ್ರವಾಗಿ ಕದಡಿದಾಗ ಈ ಮಾರ್ಗದರ್ಶನವು ಲಭ್ಯವಿಲ್ಲವೆಂದು ವ್ಯವಸ್ಥೆಯೇ ಸೂಚಿಸುತ್ತದೆ. ಪೈಲಟ್ ಬೇರೆ ವಿಧಾನದಿಂದ ಇಳಿಯಬೇಕಾಗುತ್ತದೆ. ತಪ್ಪು ಎತ್ತರವನ್ನು ತೋರಿಸುವುದಕ್ಕಿಂತ ಇದು ಸುರಕ್ಷಿತ.

ಇತರ ಪರಿಣಾಮಗಳು

ಸೌರಜ್ವಾಲೆಗಳು ಭೂಮಿಯ ಹಗಲಿನ ಭಾಗದಲ್ಲಿ ಹ್ರಸ್ವತರಂಗ ರೇಡಿಯೊವನ್ನು ಅಡಗಿಸುತ್ತವೆ. ಒಳನಾಡಿನಲ್ಲಿ ವಿಮಾನಗಳು ವಿಎಚ್ಎಫ್ ಬಳಸುವುದರಿಂದ ತೊಂದರೆ ಅಲ್ಪ. ಅರಬ್ಬೀ ಸಮುದ್ರದ ಮೇಲೆ ಹೆಚ್ಚು. ಭೂಕಾಂತಕ್ಷೇತ್ರದ ರಕ್ಷಣೆಯಿಂದಾಗಿ ದಕ್ಷಿಣ ಭಾರತದ ಆಕಾಶದಲ್ಲಿ ವಿಕಿರಣ ಕಡಿಮೆ. ಆದರೆ 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಉತ್ತರ ಧ್ರುವದ ಮೇಲಿಂದ ಬೆಂಗಳೂರಿಗೆ ಬಂದ ಏರ್ ಇಂಡಿಯಾ ವಿಮಾನದಂತಹ ಹಾರಾಟಗಳಿಗೆ ಈ ರಕ್ಷಣೆ ದಾರಿಯುದ್ದಕ್ಕೂ ಇರುವುದಿಲ್ಲ. ಇಂತಹ ಸಂದರ್ಭಗಳಿಗಾಗಿ ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ವ್ಯವಸ್ಥೆಯಡಿ 2019ರ ನವೆಂಬರ್‌ನಿಂದ ಬಾಹ್ಯಾಕಾಶ ಹವಾಮಾನದ ಸೂಚನೆಗಳನ್ನು ಹೊರಡಿಸಲಾಗುತ್ತಿದೆ.